ಮನೆಯಲ್ಲಿ ಒಬ್ಬರಿಗೆ

ಆ ಮನೆಯಲ್ಲಿ ಕಣ್ಣಿನ ಮಾತು ಎತ್ತಬಾರದು ಎಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ಆದರೂ ಎರಡು ವರ್ಷಗಳಿಂದ ಯಾರೂ ಎತ್ತಿರಲಿಲ್ಲ. ಮಂಗಳೂರಿನಲ್ಲಿ ಕ್ರೈಸ್ತರನ್ನು ಪೊರ್ಬುಗಳೆಂದು ಕರೆಯುವುದು ವಾಡಿಕೆ. ಕಂಕನಾಡಿ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ‘ಕಣ್ಣಿನ ಮದ್ದಿನ ಪೊರ್ಬುಗಳ ಮನೆ’ ಎಂದರೆ ಸಾಕು, ರಿಕ್ಷಾದವರು ಈಗಲೂ ತಂದು ಬಾಗಿಲಲ್ಲೇ ಇಳಿಸುತ್ತಾರೆ. ಇಳಿದವರಿಗೆ ಮಾತ್ರ ಒಳಗೆ ಮದ್ದು ಸಿಗುವುದಿಲ್ಲ.

ಮದ್ದು ನಿಂತದ್ದು ಹೀಗೆ. ಹೆಲನ್ ಬಾಯಿ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯಿಂದ ಕಲಿತ ವಿದ್ಯೆ ಅದು. ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಸಿ, ಎರಡು ಬಗೆಯ ಸೊಪ್ಪಿನ ರಸ ಸೇರಿಸಿ, ಸಂತ ಲೂಸಿಯ ಪಟದೆದುರು ಪ್ರಾರ್ಥನೆ ಹೇಳಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರ ಕಣ್ಣಿಗೆ ಬಿಡುವುದು. ದುಡ್ಡು ಮುಟ್ಟುವಂತಿಲ್ಲ. ಒಮ್ಮೆ ಓಣಿಯ ಮಗುವೊಂದಕ್ಕೆ ಕೆಂಗಣ್ಣಾಗಿ, ಇವರು ಬಿಟ್ಟ ಮದ್ದಿಗೆ ಕಡಿಮೆಯಾಗದೆ ಇನ್ನಷ್ಟು ಊದಿಕೊಂಡಿತು. ತಾಯಿ ಹೆದರಿ ಫಳ್ನೀರಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದಳು. ಹೆಲನ್ ಬಾಯಿಯ ಸೊಸೆ ಲಿಡಿಯಾ ಅದೇ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ನರ್ಸು. “ಯಾವ ಮಹಾನುಭಾವರು ಇದನ್ನು ಹಾಕಿದ್ದು?” ಎಂದು ಡಾಕ್ಟರು ಕೇಳಿದಾಗ ಆ ತಾಯಿ ಲಿಡಿಯಾಳ ಕಡೆ ಕೈತೋರಿಸಿ, “ಈ ಸಿಸ್ಟರ್ ಮನೆಯಲ್ಲೇ ಸರ್” ಎಂದಳು.

ಮಗುವಿನ ಕಣ್ಣು ವಾಸಿಯಾಯಿತು. ಲಿಡಿಯಾಳ ಸಿಟ್ಟು ವಾಸಿಯಾಗಲಿಲ್ಲ. ಯೂನಿಫಾರ್ಮಿನಲ್ಲೇ ಮನೆಗೆ ಬಂದವಳು ಹೂವಿನ ನೀರಿನ ಪಾತ್ರೆಯನ್ನು ಎತ್ತಿ ಚರಂಡಿಗೆ ಸುರಿದಳು. ಮದ್ದಿಗೆಂದು ಬಂದ ಹೆಂಗಸೊಬ್ಬಳು ಅಲ್ಲೇ ಸ್ಟೂಲಿನ ಮೇಲೆ ತಲೆ ಹಿಂದಕ್ಕೆ ಮಾಡಿ ಕೂತಿದ್ದಳು. “ಮಮ್ಮಿ, ಇನ್ನು ಈ ಮನೆಯಲ್ಲಿ ಯಾರ ಕಣ್ಣಿಗೂ ಒಂದು ಹನಿ ಬೀಳ್ಬಾರ್ದು. ನನಗೆ ನಾಳೆ ಡ್ಯೂಟಿಗೆ ಮುಖ ತೆಗೆದುಕೊಂಡು ಹೋಗ್ಲಿಕ್ಕೆ ಉಂಟು.” ಲಿಡಿಯಾ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಸರಿಯಾದ ಮಾತು ಆಡುವಾಗಲೇ ಮನುಷ್ಯರಿಗೆ ನಾಲಿಗೆಯ ಮೇಲೆ ಹಿಡಿತ ತಪ್ಪುವುದು. ಹೆಲನ್ ಬಾಯಿ ಪಾತ್ರೆ ತೊಳೆದು ಕವುಚಿ ಇಟ್ಟರು. ಅಂದಿನಿಂದ ಆ ಮಾತು ಮುಗಿಯಿತು.

ಈ ನವೆಂಬರಿನ ಒಂದು ಸಂಜೆ ಅದನ್ನು ಮತ್ತೆ ಎತ್ತಿದವರು ಹೆಲನ್ ಬಾಯಿಯೇ. ಲಿಡಿಯಾ ಡ್ಯೂಟಿ ಮುಗಿಸಿ ಬಂದು ಬಂಗುಡೆ ಕೊಯ್ಯುತ್ತಿದ್ದಳು. ಅತ್ತೆ ತೆಂಗಿನಕಾಯಿ ತುರಿಯುತ್ತಿದ್ದರು.

“ಲಿಡಿಯಾ, ಕಾಟಿಪಳ್ಳದವಳೊಬ್ಬಳು ಫೋನ್ ಮಾಡಿದ್ದಳು. ಅವಳ ಮನೆಯಲ್ಲಿ ಒಬ್ಬರಿಗೆ ಕಣ್ಣು ಸರಿ ಇಲ್ಲವಂತೆ.”

ಲಿಡಿಯಾಳ ಕತ್ತಿ ನಿಂತಿತು. “ಮಮ್ಮಿ, ಮತ್ತೆ ಸುರು ಮಾಡಿದ್ರಾ?”

“ಇಲ್ಲಪ್ಪ. ಮದ್ದು ಕೇಳ್ಲಿಲ್ಲ. ಎಂತ ಇರಬಹುದು ಅಂತ ಕೇಳಿದ್ದು ಅಷ್ಟೆ. ಲೈಟ್ ನೋಡಿದ್ರೆ ಸುತ್ತ ಬಣ್ಣದ ಬಳೆಯ ಹಾಗೆ ಕಾಣ್ತದಂತೆ. ಹಣೆ ಸಿಡೀತದಂತೆ. ಬದಿಯಿಂದ ಯಾರಾದ್ರೂ ಬಂದ್ರೆ ಗೊತ್ತೇ ಆಗುವುದಿಲ್ಲವಂತೆ.”

“ಎಷ್ಟು ಪ್ರಾಯ?”

“ನನ್ನಷ್ಟೇ ಇರಬಹುದು.”

“ಎಷ್ಟು ಸಮಯದಿಂದ?”

“ಮಳೆಗಾಲದಿಂದ.”

“ಮಳೆಗಾಲದಿಂದ! ಇಷ್ಟರವರೆಗೆ ಎಂತ ಮಾಡ್ತಿದ್ದಳು ಮಾರಾಯ್ತಿ? ಯಾರಾದ್ರೂ ಹೂವಿನ ನೀರು ಬಿಟ್ಟಿರ್ತಾರೆ, ಇನ್ನೆಂತ!”

ಹೆಲನ್ ಬಾಯಿ ಕಾಯಿಯ ಗಡಿಯನ್ನು ಹೆರೆಮಣೆಗೆ ಇನ್ನಷ್ಟು ಒತ್ತಿ ಹಿಡಿದರು. “ಬಿಟ್ಟಿರಬಹುದು.”

“ಅಂಥವರು ದಿನಾ ಬರ್ತಾರೆ ಮಮ್ಮಿ ನಮ್ಮಲ್ಲಿಗೆ. ಕಣ್ಣು ಪೂರ್ತಿ ಹೋದ ಮೇಲೆ ಬಂದು ಡಾಕ್ಟರ ಕಾಲು ಹಿಡಿಯುವುದು. ಡಾಕ್ಟರ್ ಎಲ್ಲರ ಎದುರು ಕೇಳ್ತಾರೆ, ಯಾವ ಸೊಪ್ಪು, ಯಾರು ಹಾಕಿದ್ದು ಅಂತ. ಕೇಳ್ಲೇಬೇಕು, ಬುದ್ಧಿ ಬರ್ಲಿ. ಮತ್ತೆ ಆ ಮನೆಯವರು! ಮಗ, ಸೊಸೆ ಅಂತ ಯಾರೂ ಇಲ್ಲವಾ? ಅವರಿಗೂ ಕಣ್ಣಿಲ್ಲವಾ?”

“ಇದ್ದಾರೆ. ಎಲ್ಲರೂ ಇದ್ದಾರೆ.”

“ಹಾಗಾದ್ರೆ ಅವರಿಗೆ ನಾಚಿಕೆ ಆಗ್ಬೇಕು. ನಾಳೆಯೇ ಆಸ್ಪತ್ರೆಗೆ ಹೋಗ್ಲಿಕ್ಕೆ ಹೇಳಿ.”

“ಹೇಳ್ತೇನೆ” ಎಂದು ಹೆಲನ್ ಬಾಯಿ ತುರಿದ ಕಾಯಿಯನ್ನು ಬಟ್ಟಲಿಗೆ ಒಟ್ಟುಮಾಡಿದರು. ಅರ್ಧ ಬಟ್ಟಲಿಗೆ ಬಿತ್ತು, ಅರ್ಧ ಎಡಬದಿಯಲ್ಲಿ ನೆಲಕ್ಕೆ ಬಿತ್ತು. ಲಿಡಿಯಾ ಅದನ್ನು ನೋಡಿ ತುಟಿ ಕಚ್ಚಿದಳು. ಮುದುಕರಾದಂತೆ ಜನ ಕೆಲಸದಲ್ಲಿ ಉದಾಸೀನ ಮಾಡುತ್ತಾರೆ ಎಂದು ಅವಳ ಲೆಕ್ಕ.

ಹಿಂದಿನ ಕೋಣೆಯಲ್ಲಿ ಗಂಡ ವಿಲ್ಲಿಯವರು ಕಾದು ಕೂತಿದ್ದರು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿಯ ಕಣ್ಣಿನ ಸಂಗತಿ ಗೊತ್ತಿದ್ದದ್ದು ಅವರೊಬ್ಬರಿಗೇ.

“ಕೇಳಿದೆಯಾ?”

“ಕೇಳಿದೆ. ಕಾಟಿಪಳ್ಳದವರ ಹೆಸರಿನಲ್ಲಿ ಕೇಳಿದೆ. ಅಂಥವರನ್ನು ಎಲ್ಲರ ಎದುರು ನಿಲ್ಲಿಸಿ ಬೈತಾರಂತೆ.”

“ಬೇರೆ ಆಸ್ಪತ್ರೆಗೆ ಹೋಗುವ. ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರಗಾಲವಾ?”

“ಎಲ್ಲಾ ಕಡೆ ಅವಳ ಗುರ್ತದವರು ಇದ್ದಾರೆ. ಕಣ್ಣಿನ ಮದ್ದಿನ ಬಾಯಿಯೇ ಕಣ್ಣು ತೋರಿಸ್ಲಿಕ್ಕೆ ಬಂದ್ರು ಅಂತ ನಗ್ಲಿಕ್ಕೆ ಆಗ್ತದೆ ಅವರಿಗೆ. ಅವಳಿಗೂ ಮತ್ತೊಮ್ಮೆ ಮರ್ಯಾದೆ ಹೋಗ್ತದೆ. ಅಲ್ಲದೆ ನಮ್ಮ ಸಣ್ಣ ಮಗ ನೆವಿಲ್‌ನ ಸಂಬಂಧದ ಮಾತು ನಡೀತಾ ಉಂಟು. ತಾಯಿಗೆ ಕಣ್ಣಿಲ್ಲ ಅಂತ ಗೊತ್ತಾದ್ರೆ ಆ ಹುಡುಗಿಯ ಮನೆಯವರು ಎಂತ ಹೇಳಿಯಾರು? ಅದು ಮುಗೀಲಿ.”

“ಮುಗಿಯುವಷ್ಟರಲ್ಲಿ ನಿನ್ನ ಕಣ್ಣು ಮುಗೀತದೆ” ಎಂದರು ವಿಲ್ಲಿಯವರು. “ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮನೆಯಲ್ಲೇ ಕಣ್ಣಿನ ನರ್ಸ್ ಇಟ್ಟುಕೊಂಡು ನಾವು ನಂದಿಬಟ್ಟಲು ಹಿಂಡ್ತಾ ಇದ್ದೇವೆ.”

ಹೌದು, ಹಿಂಡುತ್ತಿದ್ದರು. ಊರಿಗೆಲ್ಲ ನಿಂತ ಮದ್ದು ಹೆಲನ್ ಬಾಯಿಯ ಸ್ವಂತ ಕಣ್ಣಿಗೆ ಮಳೆಗಾಲದಿಂದ ಕದ್ದು ನಡೆದಿತ್ತು. ಲಿಡಿಯಾ ಡ್ಯೂಟಿಗೆ ಹೋದ ಮೇಲೆ ಬೆಳಿಗ್ಗೆ ವಿಲ್ಲಿಯವರು ಹೂವು ಕೊಯ್ದು ತರುವುದು, ಇವರು ಸ್ನಾನದ ಕೋಣೆಯ ಬಾಗಿಲು ಹಾಕಿ ಬಿಟ್ಟುಕೊಳ್ಳುವುದು. ತನ್ನ ಮದ್ದು ತನಗೇ ಹತ್ತುತ್ತಿಲ್ಲ ಎಂದು ಒಪ್ಪಿಕೊಳ್ಳುವುದೂ ಅವರಿಗೆ ಒಂದು ಅವಮಾನ.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಜಗಳಕ್ಕೆ ಬರಗಾಲವಿರಲಿಲ್ಲ. ವಿಲ್ಲಿಯವರು ಹಗಲಿನಲ್ಲೂ ಎಲ್ಲಾ ದೀಪ ಹಾಕಿಡತೊಡಗಿದರು. ಮಗ, ಲಿಡಿಯಾಳ ಗಂಡ ಫ್ಲೋಯ್ಡ್‌ಗೆ ಮಾರ್ಕೆಟಿನಲ್ಲಿ ಬೇಕರಿ ಸಾಮಾನಿನ ಅಂಗಡಿ. ಕರೆಂಟು ಬಿಲ್ಲು ಕಟ್ಟುವವನು ಅವನೇ. “ಡ್ಯಾಡಿ, ಇದೇನು ಮನೆಯಾ, ಇಗರ್ಜಿಯ ಹಬ್ಬವಾ?” ಎಂದು ಕೂಗಾಡಿದ. ವಿಲ್ಲಿಯವರು ಹೆಂಡತಿಯ ಎಡಗಡೆಯಲ್ಲೇ ನಡೆಯುತ್ತಿದ್ದರು. ಅಡಿಗೆಮನೆಗೂ ಬಂದು ನಿಲ್ಲುತ್ತಿದ್ದರು. ಜೀವಮಾನದಲ್ಲಿ ಒಂದು ಲೋಟ ತೊಳೆಯದ ಮನುಷ್ಯ ಈಗ ಪಾತ್ರೆ ಎತ್ತಿಕೊಡುವುದನ್ನು ನೋಡಿ ಲಿಡಿಯಾ, “ಡ್ಯಾಡಿಗೆ ಈ ಪ್ರಾಯದಲ್ಲಿ ಲವ್ ಬಂದಿದೆ” ಎಂದು ಮಗಳು ಎಲೇನ್‌ಗೆ ಹೇಳಿ ನಕ್ಕಳು. ಮೀನು ಸಾರಿನಲ್ಲಿ ಹುರುಪೆ ಉಳಿಯುತ್ತಿತ್ತು. ತೊಳೆದ ತಟ್ಟೆಯ ಅಂಚಿನಲ್ಲಿ ಸಾಂಬಾರಿನ ಕಲೆ ಉಳಿಯುತ್ತಿತ್ತು. ಒಂದು ದಿನ ಬಿಡಿಸಿ ಹಾಕಿದ ಮೀನಿನ ಪಲ್ಯದಲ್ಲಿ ಮುಳ್ಳು ಸಿಕ್ಕಿ ಎಲೇನ್ ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದಳು.

“ಮಮ್ಮಿ, ಮುಳ್ಳು ತೆಗೀಲಿಕ್ಕೆ ಉದಾಸೀನ ಆದ್ರೆ ಹೇಳಿ. ನಾನು ಡ್ಯೂಟಿಯಿಂದ ಬಂದು ತೆಗೀತೇನೆ” ಎಂದಳು ಲಿಡಿಯಾ.

“ಇಲ್ಲ, ತೆಗೆದಿದ್ದೆ.”

“ತೆಗೆದಿದ್ರೆ ಇದು ಎಲ್ಲಿಂದ ಬಂತು? ಸಮುದ್ರದಿಂದ ಈಗ ಹಾರಿ ಬಂತಾ?”

ವಿಲ್ಲಿಯವರು ಬಾಯಿ ತೆರೆದರು. ಹೆಲನ್ ಬಾಯಿ ಮೇಜಿನ ಅಡಿಯಲ್ಲಿ ಅವರ ಕಾಲು ಒತ್ತಿದರು. ತೆರೆದ ಬಾಯಿಗೆ ಅವರು ಅನ್ನ ಹಾಕಿಕೊಂಡರು.

ಡಿಸೆಂಬರಿನ ಮೊದಲ ಭಾನುವಾರ ನೆವಿಲ್ ಮಸ್ಕತ್‌ನಿಂದ ರಜೆಯಲ್ಲಿ ಬಂದಿದ್ದ. ಹುಡುಗಿಯ ತಂದೆ ಸೆಡ್ರಿಕ್, ತಾಯಿ ಇಬ್ಬರೂ ಪೂಜೆ ಮುಗಿಸಿ ನೇರವಾಗಿ ಊಟಕ್ಕೆ ಬಂದರು. ಇಡ್ಲಿಯ ಹಾಗಿನ ‘ಸಣ್ಣ’, ಹಂದಿಮಾಂಸದ ಸಾರು, ಕೋಳಿ, ಪಾಯಸ. ಲಿಡಿಯಾ ಎರಡು ದಿನ ರಜೆ ಹಾಕಿ ಮಾಡಿದ ಅಡಿಗೆ. “ನಾನು ಬಡಿಸ್ತೇನೆ” ಎಂದಳು. “ನನ್ನ ಮಗನ ಬೀಗರು, ನಾನು ಬಡಿಸ್ಬೇಕು” ಎಂದರು ಹೆಲನ್ ಬಾಯಿ. ಅದು ಅವರ ಹಕ್ಕು. ಯಾರೂ ಬೇಡ ಅನ್ನುವಂತಿರಲಿಲ್ಲ.

ಮೊದಲ ಸುತ್ತು ಸುಖವಾಗಿ ಮುಗಿಯಿತು. ಎರಡನೆಯ ಸುತ್ತಿನಲ್ಲಿ ಸೆಡ್ರಿಕ್ ತಟ್ಟೆಯನ್ನು ಸ್ವಲ್ಪ ಎಡಕ್ಕೆ ಸರಿಸಿಕೊಂಡಿದ್ದರು. ಹೆಲನ್ ಬಾಯಿ ಸೌಟು ತುಂಬ ಬಿಸಿ ಸಾರನ್ನು ತಟ್ಟೆ ಮೊದಲು ಇದ್ದ ಜಾಗಕ್ಕೆ ಸರಿಯಾಗಿಯೇ ಬಡಿಸಿದರು. ಅದು ಮೇಜಿನ ಮೇಲೆ ಬಿದ್ದು, ಹರಿದು, ಸೆಡ್ರಿಕರ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿಗೆ ಇಳಿಯಿತು.

“ಅಯ್ಯೋ ಸಾಯ್ಬಾ!” ಎಂದು ಸೆಡ್ರಿಕ್ ಎದ್ದು ನಿಂತರು.

“ಮಮ್ಮಿ!” ಲಿಡಿಯಾಳ ದನಿ ಓಣಿಗೆ ಕೇಳುವಂತಿತ್ತು. “ನೋಡಿ ಬಡಿಸ್ಲಿಕ್ಕೆ ಆಗುವುದಿಲ್ಲವಾ? ಕಣ್ಣು ಎಲ್ಲಿ ಇಟ್ಟಿದ್ದೀರಿ?”

ಹೆಲನ್ ಬಾಯಿ ಸೌಟು ಹಿಡಿದು ನಿಂತೇ ಇದ್ದರು. ಅವರ ಮುಖ ಕಿವಿಯವರೆಗೂ ಕೆಂಪಾಗಿತ್ತು. “ಮಾತಾಡ್ತಾ ಮರೆತೆ” ಎಂದರು ಮೆಲ್ಲಗೆ. ಸೆಡ್ರಿಕ್ ಒಳ್ಳೆಯ ಮನುಷ್ಯ. “ತೊಂದರೆ ಇಲ್ಲ ಬಾಯಿ, ಸಾರು ಚೆನ್ನಾಗಿತ್ತು, ಪ್ಯಾಂಟೂ ರುಚಿ ನೋಡ್ಲಿ” ಎಂದು ನಗಿಸಲು ನೋಡಿದರು. ನಗು ಯಾರಿಗೂ ಬರಲಿಲ್ಲ. ಬೀಗರು ಹೋದ ಮೇಲೆ ನೆವಿಲ್, “ಅತ್ತಿಗೆ, ಅವರೆದುರು ಹಾಗೆ ಹೇಳ್ಬಾರ್ದಿತ್ತು” ಎಂದ. “ಹಾಗಾದ್ರೆ ನೀನು ಮಸ್ಕತ್ ಬಿಟ್ಟು ಇಲ್ಲಿ ಬಂದು ನಿಲ್ಲು, ನೋಡು” ಎಂದಳು ಲಿಡಿಯಾ.

ಆ ವಾರವೇ ಎಲೇನ್‌ಗೆ ಭಾಷಣದ ಗಡಿಬಿಡಿ ಸುರುವಾಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಕನ್ನಡ ಭಾಷಣ ಸ್ಪರ್ಧೆ. ವಿಷಯ, ಹಿಂದಿನ ಶತಮಾನಗಳಲ್ಲಿ ನಮ್ಮೂರಿನ ಜನ ವೈದ್ಯರನ್ನು ಕಾಣುತ್ತಿದ್ದ ಬಗೆ. ಕನ್ನಡ ಮಾಸ್ಟ್ರು ಮೋಹನದಾಸ್ ಮೊದಲೇ ಗುಡುಗಿದ್ದರು: “ಮೊಬೈಲಿನಿಂದ ಕದ್ದದ್ದು ಬೇಡ. ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ.” ಬೇರೆ ಮಕ್ಕಳು ಹಿರಿಯರನ್ನು ಹುಡುಕಬೇಕಿತ್ತು. ಎಲೇನ್‌ಗೆ ಮನೆಯಲ್ಲೇ ಇದ್ದರು. ಅಜ್ಜ ಅಜ್ಜಿಯರ ನಡುವೆ ಮಂಚದ ಮೇಲೆ ಕೂತು ಸಂಜೆಯೆಲ್ಲ ಕೇಳಿಕೊಂಡಳು.

ಶನಿವಾರ ಮಧ್ಯಾಹ್ನ ಕ್ರಿಸ್ಮಸಿಗೆ ಹಂಚುವ ಕುಸ್ವಾರ್ ತಿಂಡಿಗಳಿಗೆ ಕೈಹಾಕಿದರು. ಎಲೇನ್ ಹಿಟ್ಟನ್ನು ಸುರುಳಿ ಮಾಡಿ ಕಿಡ್ಯೊ ಉರುಳಿಸುವುದು, ಹೆಲನ್ ಬಾಯಿ ಕರ್ಜಿಕಾಯಿಯಂಥ ನೆವ್ರ್ಯೊಗಳಿಗೆ ಎಳ್ಳು ಸಕ್ಕರೆಯ ಹೂರಣ ತುಂಬಿ ಅಂಚು ಮಡಚುವುದು, ಲಿಡಿಯಾ ಎಣ್ಣೆಯಲ್ಲಿ ಕರಿಯುವುದು. ಓಣಿಯಲ್ಲಿ ಹೆಲನ್ ಬಾಯಿಯಷ್ಟು ಚಂದ ಅಂಚು ಮಡಚುವವರು ಯಾರೂ ಇರಲಿಲ್ಲ. ಈ ವರ್ಷ ಬಾಣಲೆಗೆ ಬಿಟ್ಟದ್ದೆಲ್ಲ ಎಡಬದಿಯಲ್ಲಿ ಬಾಯಿ ಬಿಡುತ್ತಿತ್ತು. ಹೂರಣ ಎಣ್ಣೆಗೆ ಚೆಲ್ಲಿ ಕಪ್ಪಾಗಿ ಸಿಡಿಯಿತು.

“ಇದು ಎಷ್ಟನೆಯದ್ದು! ಎಣ್ಣೆ ಪೂರಾ ಹಾಳು” ಎಂದಳು ಲಿಡಿಯಾ. “ಮನಸ್ಸಿಲ್ಲದಿದ್ರೆ ಬೇಕರಿಯಿಂದ ತರುವ ಮಮ್ಮಿ. ಬೇಡ ಅಂದ್ರೂ ಕೂತ್ಕೊಳ್ತೀರಿ, ಕೂತು ಹೀಗೆ ಮಾಡ್ತೀರಿ. ನನ್ನ ಮೇಲಿನ ಸಿಟ್ಟನ್ನು ಹಿಟ್ಟಿನ ಮೇಲೆ ಯಾಕೆ ತೀರಿಸುವುದು?”

“ಸಿಟ್ಟಲ್ಲ ಲಿಡಿಯಾ.”

“ಮತ್ತೆಂತ?”

ಹೆಲನ್ ಬಾಯಿ ಕೈಯ ಹಿಟ್ಟು ಉಜ್ಜಿಕೊಂಡು ಎದ್ದು ಒಳಗೆ ಹೋದರು. ಹೋಗುವಾಗ ಬಾಗಿಲಿನ ಎಡಚೌಕಟ್ಟಿಗೆ ಭುಜ ತಾಗಿತು. ಎಲೇನ್‌ಗೆ ಇಂಥ ಹೊತ್ತಿನಲ್ಲಿ ಮಾತು ಬದಲಾಯಿಸುವ ಅಭ್ಯಾಸ.

“ಮಮ್ಮಾ, ನನ್ನ ಸ್ಪೀಚ್ ಕೇಳು. ಬೈಹಾರ್ಟ್ ಆಗಿದೆ.” ಎದ್ದು ನಿಂತು, ಗಂಟಲು ಸರಿಮಾಡಿ ಸುರುಮಾಡಿಯೇ ಬಿಟ್ಟಳು.

“ಗುರುಹಿರಿಯರೇ, ಎರಡು ಶತಮಾನಗಳ ಹಿಂದೆ ನಮ್ಮೂರಿನಲ್ಲಿ ಕಣ್ಣಿಗೆ ಆಸ್ಪತ್ರೆಗಳಿರಲಿಲ್ಲ. ನನ್ನ ಅಜ್ಜನ ಅಜ್ಜನ ಅಜ್ಜನ ತಂದೆ ಪಾಸ್ಕು ಎಂಬವರು ಸುಲ್ತಾನರ ಕಾಲದ ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾಗಿ ನಡೆದು ಬಂದವರು. ಸೆರೆಯಲ್ಲಿದ್ದಾಗ ಮುದಿ ಹಕೀಮರೊಬ್ಬರಿಂದ ಕಣ್ಣು ನೋಡುವುದನ್ನು ಕಲಿತರಂತೆ. ಅವರ ಜಗಲಿಗೆ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ಜನ ಬರುತ್ತಿದ್ದರು. ಆದರೆ ಬಂದವರು ಯಾರೂ ನನ್ನ ಕಣ್ಣು ಎಂದು ಹೇಳುತ್ತಿರಲಿಲ್ಲ.”

“ಯಾಕೆ?” ಎಂದಳು ಲಿಡಿಯಾ, ಜಾಲರಿಸೌಟಿನಲ್ಲಿ ಕರಿಕು ತೆಗೆಯುತ್ತ.

“ಮಧ್ಯದಲ್ಲಿ ಕೇಳ್ಬೇಡ ಮಮ್ಮಾ, ಮರೆತುಹೋಗ್ತದೆ. ಯಾಕೆಂದರೆ ಅದು ನಾಚಿಕೆಯ ಸಂಗತಿಯಾಗಿತ್ತು. ಕಣ್ಣು ಸರಿಯಿಲ್ಲದ ಹುಡುಗಿಗೆ ಮದುವೆ ಇರಲಿಲ್ಲ. ಕಣ್ಣು ಮಂದವಾದ ಭಟ್ಟರಿಗೆ ಪೂಜೆ ತಪ್ಪುತ್ತಿತ್ತು. ದೋಣಿ ನಡೆಸುವ ತಂಡೇಲನಿಗೆ ದೋಣಿ ತಪ್ಪುತ್ತಿತ್ತು. ಆದ್ದರಿಂದ ಎಲ್ಲರೂ ‘ಮನೆಯಲ್ಲಿ ಒಬ್ಬರಿಗೆ ಕಣ್ಣು ಸರಿಯಿಲ್ಲ’ ಎಂದು ಹೇಳುತ್ತಿದ್ದರು. ‘ಯಾರಿಗೆ’ ಎಂದು ವೈದ್ಯರು ಕೇಳುತ್ತಿರಲಿಲ್ಲ. ಮಳೆ ಬೆಳೆ ಮಕ್ಕಳು ಎಂದು ಮಾತಾಡಿಸುತ್ತಾ ಬಂದವರ ಕಣ್ಣನ್ನೇ ನೋಡುತ್ತಿದ್ದರು. ಬೆಂಗ್ರೆಯ ತಂಡೇಲನೊಬ್ಬ ತಮ್ಮನಿಗೆಂದು ಕೇಳಲು ಬಂದಿದ್ದ. ‘ಹೊತ್ತು ಮುಳುಗಿದ ಮೇಲೆ ದೋಣಿ ಬಿಡಬೇಡ ಅಂತ ನಿನ್ನ ತಮ್ಮನಿಗೆ ಹೇಳು’ ಎಂದರಂತೆ ಪಾಸ್ಕು. ಅವನಿಗೆ ತಮ್ಮನೇ ಇರಲಿಲ್ಲ. ಇಂದಿಗೂ ನಮ್ಮ ಮನೆಯಲ್ಲಿ ಕಣ್ಣಿನ ವಿಷಯವನ್ನು ಹಾಗೆಯೇ ಕೇಳಬೇಕೆಂದು ನನ್ನ ಅಜ್ಜಿ ಹೇಳುತ್ತಾರೆ…”

ಎಣ್ಣೆ ಹೊಗೆಯಾಡತೊಡಗಿತು. “ಮಮ್ಮಾ, ಕರಟುತ್ತಾ ಉಂಟು” ಎಂದಳು ಎಲೇನ್. ಲಿಡಿಯಾ ಒಲೆ ಆರಿಸಿದಳು. ಜಾಲರಿಸೌಟು ಕೈಯಲ್ಲೇ ಇತ್ತು.

ಈ ಮನೆಗೆ ಬಂದು ಇಷ್ಟು ವರ್ಷವಾದರೂ ಈ ಕತೆಯನ್ನು ಅವಳು ಕೇಳಿರಲಿಲ್ಲ. ಮದ್ದಿನ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದವಳು ಕೇಳುವುದಾದರೂ ಹೇಗೆ! ಈಗ ಅವಳಿಗೆ ನೆಲಕ್ಕೆ ಬಿದ್ದ ಕಾಯಿತುರಿ, ಸಾರಿನ ಹುರುಪೆ, ಬೀಗರ ಪ್ಯಾಂಟು, ಹಗಲು ಉರಿಯುವ ದೀಪ, ಮಾವನ ಲವ್ವು ಎಲ್ಲ ಒಟ್ಟಿಗೆ ನೆನಪಾಯಿತು. ಎಲ್ಲವೂ ಎಡಬದಿ. ಆಸ್ಪತ್ರೆಯಲ್ಲಿ ದಿನಕ್ಕೆ ಇಪ್ಪತ್ತು ಮಂದಿಗೆ ‘ಬದಿಯಿಂದ ಬಂದವರು ಕಾಣ್ತಾರಾ’ ಎಂದು ಕೇಳುವವಳು ಅವಳು. ಎಲೇನ್‌ಳ ಎದುರು ಅಳಬಾರದೆಂದು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಎದುರಿಗೇ ನಂದಿಬಟ್ಟಲಿನ ಗಿಡ. ಕೆಳಗಿನ ಕೊಂಬೆಗಳಲ್ಲಿ ಒಂದು ಹೂವೂ ಇರಲಿಲ್ಲ. ಯಾರು ಕೊಯ್ಯುತ್ತಿದ್ದಾರೆಂದು ಇನ್ನು ಕೇಳಬೇಕಾಗಿರಲಿಲ್ಲ.

ಅಂದು ಸಂಜೆ ಅವಳು ಕ್ಷಮೆ ಕೇಳಲು ಎರಡು ಸಲ ಅತ್ತೆಯ ಕೋಣೆಯ ಬಾಗಿಲವರೆಗೆ ಹೋಗಿ ಬಂದಳು. ಬೈಯಲು ಇದ್ದ ನಾಲಿಗೆ ಇದಕ್ಕೆ ಎಲ್ಲಿ ಹೋಯಿತೋ.

ಮರುದಿನ ಬೆಳಿಗ್ಗೆ ಹೆಲನ್ ಬಾಯಿ ಹಿತ್ತಲ ಬಾಗಿಲಲ್ಲಿ ಬಸಳೆ ಬಿಡಿಸುತ್ತಾ ಕೂತಿದ್ದರು. ಬಿಸಿಲು ಆಗಷ್ಟೆ ಮೆಟ್ಟಿಲಿಗೆ ಬಂದಿತ್ತು. ಲಿಡಿಯಾ ಎರಡು ಲೋಟ ಚಾ ತಂದು ಎದುರಿಗೆ ಕೂತಳು.

“ಮಮ್ಮಿ, ಆ ಕಾಟಿಪಳ್ಳದವರ ಫೋನ್ ಮತ್ತೆ ಬಂತಾ?”

ಹೆಲನ್ ಬಾಯಿಯ ಕೈ ನಿಂತಿತು. “ಇಲ್ಲ.”

“ಅವರ ಮನೆಯಲ್ಲಿ ಒಬ್ಬರಿಗೆ ಕಣ್ಣು ಸರಿ ಇಲ್ಲ ಅಂದಿದ್ರಲ್ಲ. ಈಗ ಹೇಗೆ ಉಂಟಂತೆ?”

“ಎಡದ್ದು ಹೆಚ್ಚುಕಡಿಮೆ ಮುಗಿದಿದೆಯಂತೆ.”

ಲಿಡಿಯಾ ಚಾ ಲೋಟವನ್ನು ಕೆಳಗಿಟ್ಟಳು. “ಅವರಿಗೆ ಹೇಳಿ ಮಮ್ಮಿ, ನಾಳೆ ಬೆಳಿಗ್ಗೆ ಬರ್ಲಿಕ್ಕೆ. ನಾನೇ ಕರ್ಕೊಂಡು ಹೋಗ್ತೇನೆ. ಯಾವ ಸೊಪ್ಪು ಅಂತ ಯಾರೂ ಬೈಯುವುದಿಲ್ಲ. ಬೈದ್ರೆ ನಾನು ಕೇಳ್ಕೊಳ್ತೇನೆ.”

“ಅವಳಿಗೆ ನಾಚಿಕೆಯಂತೆ.”

“ಅವರ ಸೊಸೆಗೆ ಅದಕ್ಕಿಂತ ಹೆಚ್ಚು ನಾಚಿಕೆ ಆಗಿದೆ ಅಂತ ಹೇಳಿ.”

ಹೆಲನ್ ಬಾಯಿ ಬಿಸಿಲಿಗೆ ಮುಖ ಎತ್ತಿ, “ನೀನು ನನ್ನ ಕಣ್ಣನ್ನೇ ನೋಡ್ತಾ ಇದ್ದೀ” ಎಂದರು.

“ಹೌದು ಮಮ್ಮಿ.”

“ನನ್ನ ಅತ್ತೆ ಹೀಗೆಯೇ ನೋಡ್ತಿದ್ರು.” ಅಷ್ಟು ಹೇಳಿ ಅವರು ಬಸಳೆಯ ದಂಟನ್ನು ಮಡಿಲಿಗೆ ಹಾಕಿಕೊಂಡು ಅತ್ತರು. ಲಿಡಿಯಾ ಕೂಡ ಅತ್ತಳು. ಒಳಗಿನಿಂದ ವಿಲ್ಲಿಯವರು ಹೂವಿನ ಬಟ್ಟಲು ಹಿಡಿದು ಬಂದವರು, ಇಬ್ಬರನ್ನೂ ನೋಡಿ, ಕಳ್ಳನ ಹಾಗೆ ಬಟ್ಟಲನ್ನು ಬೆನ್ನ ಹಿಂದೆ ಮಾಡಿಕೊಂಡರು.

ಸೋಮವಾರ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ಒತ್ತಡ ನೋಡಿದರು, ನರ ನೋಡಿದರು, ಮತ್ತೆ ಮತ್ತೆ ನೋಡಿದರು. ಕೋಣೆಯಲ್ಲಿ ಇನ್ನಿಬ್ಬರು ನರ್ಸುಗಳು, ಬಾಗಿಲಲ್ಲಿ ಸರದಿಗೆ ನಿಂತ ಜನ.

“ಎಷ್ಟು ಸಮಯದಿಂದ ಹೀಗೆ ಅಮ್ಮ? ಏನಾದರೂ ಹಾಕಿದ್ದೀರಾ?”

“ಮಳೆಗಾಲದಿಂದ. ನಂದಿಬಟ್ಟಲು. ನಾನೇ ಬಿಟ್ಟುಕೊಂಡದ್ದು, ಬೇರೆ ಯಾರೂ ಅಲ್ಲ” ಎಂದರು ಹೆಲನ್ ಬಾಯಿ, ಕುರ್ಚಿಯ ಹಿಡಿ ಒತ್ತಿ ಹಿಡಿದು.

“ಮನೆಯಲ್ಲಿ ಯಾರೂ ಗಮನಿಸಲಿಲ್ಲವಾ?”

ಲಿಡಿಯಾ ಫೈಲನ್ನು ಮೇಜಿನ ಮೇಲಿಟ್ಟು ಅತ್ತೆಯ ಪಕ್ಕಕ್ಕೆ ಬಂದು ನಿಂತಳು. “ಸರ್, ಇವರು ನನ್ನ ಅತ್ತೆ. ಹೋದ ತಿಂಗಳು ನನ್ನ ಹತ್ತಿರವೇ ಕೇಳಿದ್ರು. ಬೇರೆಯವರಿಗೆ ಅಂತ ಹೇಳಿ ಕೇಳಿದ್ರು. ನಾನು ಬೈದು ಸುಮ್ಮನಾಗಿಸಿದೆ.” ಅವಳ ದನಿ ಬಾಗಿಲವರೆಗೂ ಕೇಳಿತು. ಅವಳು ಅದನ್ನು ತಗ್ಗಿಸಲಿಲ್ಲ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಲೇಸಾಗುತ್ತಿತ್ತು. “ಬಲಗಣ್ಣು ಉಳಿಸಬಹುದು. ಲೇಸರ್ ಮಾಡುವ, ಡ್ರಾಪ್ಸ್ ತಪ್ಪಿಸಬಾರದು. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. ಹೋದ ತಿಂಗಳು ಬಂದಿದ್ದರೆ ಅಲ್ಲಿಯೂ ಸ್ವಲ್ಪ ಉಳಿಯುತ್ತಿತ್ತು” ಎಂದು ಬರೆಯುತ್ತಾ ಹೇಳಿದರು.

ಮನೆಗೆ ಬಂದ ಮೇಲೆ ಫ್ಲೋಯ್ಡ್ ಹಾರಾಡಿದ. “ನೀನು ಕಣ್ಣಿನ ನರ್ಸ್! ನಿನಗೇ ಗೊತ್ತಾಗ್ಲಿಲ್ಲವಾ?”

“ನೀವು ಹೊಟ್ಟೆಯಲ್ಲಿ ಹುಟ್ಟಿದ ಮಗ. ನಿಮಗೆ ಗೊತ್ತಾಯ್ತಾ? ನಿಮಗೆ ಕರೆಂಟ್ ಬಿಲ್ ಮಾತ್ರ ಕಂಡದ್ದು.”

“ಇಬ್ಬರೂ ಬಾಯಿ ಮುಚ್ಚಿ” ಎಂದರು ವಿಲ್ಲಿಯವರು. “ನನಗೆ ಗೊತ್ತಿತ್ತು. ಗೊತ್ತಿದ್ದೂ ಹೂವು ಕೊಯ್ದು ಕೊಟ್ಟೆ.” ಆ ಮೇಲೆ ಆ ಮನೆಯಲ್ಲಿ ಯಾರಿಗೂ ಯಾರನ್ನೂ ಬೈಯುವ ಮುಖವಿರಲಿಲ್ಲ.

ನೆವಿಲ್‌ನ ಸಂಬಂಧವೇನೂ ಮುರಿಯಲಿಲ್ಲ. ಸುದ್ದಿ ತಿಳಿದ ಮೇಲೆ ಸೆಡ್ರಿಕರ ಫೋನ್ ಬಂತು. ಬಾಯಿಯ ಆರೋಗ್ಯ ವಿಚಾರಿಸಿ, ಒಂದಿಷ್ಟು ಕೆಮ್ಮಿ, “ಆ ಡಾಕ್ಟರ್ ಯಾವ ದಿನ ಸಿಗ್ತಾರಮ್ಮ? ಇಲ್ಲಿ ನಮ್ಮ ಮನೆಯಲ್ಲಿ ಒಬ್ಬರಿಗೆ ಬೇಕಿತ್ತು” ಎಂದರು. ಲಿಡಿಯಾ ಯಾರಿಗೆ ಎಂದು ಕೇಳಲಿಲ್ಲ. “ಗುರುವಾರ ಬರ್ಲಿಕ್ಕೆ ಹೇಳಿ ಅಂಕಲ್, ನಾನು ಅಲ್ಲೇ ಇರ್ತೇನೆ” ಎಂದಳು.

ಎಲೇನ್‌ಗೆ ಭಾಷಣದಲ್ಲಿ ಮೂರನೆಯ ಬಹುಮಾನ ಬಂತು. ಬಹುಮಾನಕ್ಕೆ ಸಿಕ್ಕಿದ ಸ್ಟೀಲಿನ ತಟ್ಟೆಯನ್ನು ಅಜ್ಜಿಗೆ ಕೊಟ್ಟಳು. ಆ ಸಂಜೆ ಅದರಲ್ಲೇ ಊಟ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಈಗ ಅಡಿಗೆ ಲಿಡಿಯಾಳದ್ದೇ. ಮೀನಿನ ಮುಳ್ಳು ಬಿಡಿಸಿ ಅತ್ತೆಯ ತಟ್ಟೆಗೆ ಹಾಕುವವಳೂ ಅವಳೇ. ಊಟಕ್ಕೆ ಮುಂಚೆ ಕೈ ತೊಳೆದು ಡ್ರಾಪ್ಸ್ ಬಿಟ್ಟಳು. “ಸಾಬೂನು ಹಾಕಿದೆಯಾ?” ಎಂದು ಹೆಲನ್ ಬಾಯಿ ಕೇಳಿದರು. “ಹಾಕಿದೆ ಮಮ್ಮಿ.” ಆಮೇಲೆ ಲಿಡಿಯಾ ತನ್ನ ಕುರ್ಚಿಯನ್ನು ಅತ್ತೆಯ ಬಲಗಡೆಗೆ ಎಳೆದುಕೊಂಡಳು.

“ಅಲ್ಲಿ ಯಾಕೆ?” ಎಂದರು ಹೆಲನ್ ಬಾಯಿ. “ಎಡಗಡೆಯೇ ಕೂತ್ಕೊ. ಬಲಗಡೆ ನಾನೇ ನೋಡಿಕೊಳ್ತೇನೆ. ಕಾಣದ ಕಡೆಯಲ್ಲಿ ಯಾರಾದ್ರೂ ಬೇಕಲ್ಲ.”

ಲಿಡಿಯಾ ಕುರ್ಚಿ ಎತ್ತಿ ಎಡಗಡೆಗೆ ಇಟ್ಟು ಕೂತಳು. ತಲೆ ತಗ್ಗಿಸಿ ಮುಳ್ಳು ಬಿಡಿಸಿದಳು. ಬೆರಳಿನಿಂದ ತಡವಿ, ಮತ್ತೊಮ್ಮೆ ತಡವಿ, ಮೀನಿನ ತುಂಡನ್ನು ಅತ್ತೆಯ ಅನ್ನದ ಮೇಲಿಟ್ಟಳು. ಫ್ಲೋಯ್ಡ್ ಅಂಗಡಿಯ ಸುದ್ದಿ ಹೇಳುತ್ತಿದ್ದ, ಎಲೇನ್ ನಗುತ್ತಿದ್ದಳು. ಹೆಲನ್ ಬಾಯಿ ಎರಡು ತುತ್ತು ತಿಂದರು. ಮೂರನೆಯದಕ್ಕೆ ಅವರ ದವಡೆ ನಿಂತಿತು.

ಅವರು ಬಾಯಿಯಿಂದ ಉದ್ದದ ಮುಳ್ಳೊಂದನ್ನು ಮೆಲ್ಲಗೆ ಎಳೆದು, ಸೊಸೆಗೆ ಕಾಣಬಾರದೆಂದು ಅನ್ನದ ಅಡಿಯಲ್ಲಿ ಹುಗಿದು, “ಸಾರು ಒಳ್ಳೆದಾಗಿದೆ” ಎಂದರು.

ಲಿಡಿಯಾ ಅದನ್ನು ನೋಡಿದಳು.